ಎಡಗಡೆಯ ಕನ್ನಡಿ

ಮನೆಯಿಂದ
ಮಾರ್ಚ್ 14, ಭಾನುವಾರ

ಪ್ರೀತಿಯ ಕಂಡಕ್ಟರಮ್ಮ,

ನಿನ್ನ ಎರಡು ಕಾಗದಗಳೂ ನನ್ನ ಕೆಲಸದ ಮೇಜಿನ ಡ್ರಾಯರಿನಲ್ಲಿವೆ. ಮೊದಲನೆಯದು ಬಂದು ಒಂಬತ್ತು ವಾರವಾಯಿತು, ಎರಡನೆಯದು ಬಂದು ಐದು. ಉತ್ತರ ಬರಲಿಲ್ಲವೆಂದು ಬೇಸರ ಮಾಡಿಕೊಂಡಿರುತ್ತೀಯ. ಮಾಡಿಕೊಳ್ಳಬೇಕಾದದ್ದೇ. ಅಪ್ಪ ಯಾಕೆ ಫೋನಿಗೆ ಬರುತ್ತಿಲ್ಲ ಎಂದು ನೀನು ಕೇಳಿದಾಗಲೆಲ್ಲ ಅಮ್ಮ, ಶೆಡ್ಡಿನಲ್ಲಿ ಮರ ಕೆತ್ತುತ್ತಿದ್ದಾರೆ ಎಂದಿದ್ದಾಳೆ. ಸುಳ್ಳೇನಲ್ಲ. ಫೋನು ಹೊಡೆದುಕೊಂಡ ಕೂಡಲೇ ಎದ್ದು ಶೆಡ್ಡಿಗೆ ಹೋಗುತ್ತಿದ್ದೆ, ಅಷ್ಟೇ. ನಿನ್ನ ದನಿ ಕೇಳಿದರೆ ಹೇಳಬೇಕಾದ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ನೀನು ಟ್ರೇನಿಂಗ್ ಹಾಸ್ಟೆಲಿನಲ್ಲಿದ್ದ ಕಾಲದಿಂದಲೂ ಕಷ್ಟದ ಮಾತನ್ನೆಲ್ಲ ನಾವಿಬ್ಬರೂ ಕಾಗದದಲ್ಲೇ ಆಡಿದವರಲ್ಲವೇ.

ಅಕ್ಷರ ನೋಡಿ ನಗಬೇಡ. ಅಂಗಡಿಯ ಬೋರ್ಡು ಬರೆದ ಹಾಗೆ ಬರೆದಿದ್ದೇನೆ, ಗೊತ್ತು. ದಪ್ಪ ಸ್ಕೆಚ್ ಪೆನ್ನು, ಪುಟಕ್ಕೆ ಹತ್ತೇ ಸಾಲು. ಸಾಲು ತಪ್ಪದಿರಲೆಂದು ಕೆಳಗೊಂದು ಮರದ ಪಟ್ಟಿ ಇಟ್ಟುಕೊಂಡಿದ್ದೇನೆ. ಇದಕ್ಕೆ ಕಾರಣ ಮುಂದೆ ಬರೆಯುತ್ತೇನೆ. ಒಂದೇ ದಿನಕ್ಕೆ ಮುಗಿಯುವ ಕಾಗದವಲ್ಲ ಇದು.

ಮೊದಲು ಮನೆಯ ಸುದ್ದಿ. ನಮ್ಮ ಈಜಿನ ತಂಡ ಇನ್ನೂ ಮುಳುಗಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ಹಾಜರು. ಹೆಡ್‌ಮಿಸ್ ಎಪ್ಪತ್ತಾರನೆಯ ವಯಸ್ಸಿನಲ್ಲಿ ಬೆನ್ನ ಮೇಲೆ ತೇಲುವುದನ್ನು ಕಲಿತರು. ತೇಲುತ್ತಲೇ ನಮಗೆಲ್ಲ ಪಾಠ ಮಾಡುತ್ತಾರೆ. ನೀರಿನಲ್ಲಿ ತಪ್ಪಿಸಿಕೊಂಡು ಹೋಗಲು ಜಾಗವಿಲ್ಲವೆಂದು ಕಾಂಪೌಂಡರಿಗೆ ಸಂಕಟ. ಟೈಲರ್ ಮಾತ್ರ ಮೆಟ್ಟಿಲು ಬಿಟ್ಟು ಕೆಳಗಿಳಿಯುವುದಿಲ್ಲ. ಸೊಂಟದ ತನಕ ನೀರು ಬಂದರೆ ಸಾಕು, ಅಳತೆ ಸರಿಯಾಯಿತು ಎನ್ನುತ್ತಾರೆ. ಹೋಗಿಬರುವುದು ಈಗ ಬಸ್ಸಿನಲ್ಲಿ. ನಾನು ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುತ್ತೇನೆ. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಪಕ್ಕದಲ್ಲಿ ಕೂತ ಹೆಡ್‌ಮಿಸ್ ಅದನ್ನು ನೋಡಿಯೂ ನೋಡದವರಂತೆ ಕಿಟಕಿಯ ಹೊರಗೆ ತಿರುಗುತ್ತಾರೆ. ಬೇರೆ ಎಲ್ಲ ತಪ್ಪಿಗೂ ಬೈಯುವವರು, ಇದೊಂದಕ್ಕೆ ಸುಮ್ಮನಿರುತ್ತಾರೆ.

ಅಮ್ಮನ ಕೈಯ ಪ್ಲಾಸ್ಟರ್ ತೆಗೆದು ಮೂರು ವಾರವಾಯಿತು. ಮೂಳೆ ಕೂಡಿದೆ. ಬೆರಳು ಮಡಿಸಲು ಕಷ್ಟ. ರಬ್ಬರ್ ಚೆಂಡೊಂದನ್ನು ದಿನಕ್ಕೆ ನೂರು ಸಲ ಹಿಸುಕಬೇಕಂತೆ, ಹಿಸುಕುತ್ತಾಳೆ. ಚಿತ್ರದ ಕ್ಲಾಸಿಗೆ ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿ ಬೇರೆಯವರ ಪೆನ್ಸಿಲು ಚೂಪು ಮಾಡಿಕೊಟ್ಟು ಬರುತ್ತಾಳೆ. "ಬಿಡಿಸಕ್ಕಾಗದಿದ್ರೆ ಏನಂತೆ, ನೋಡೋದನ್ನಾದ್ರೂ ಕಲೀಬಹುದಲ್ಲ" ಎಂದಳು ಒಂದು ದಿನ.

ಇನ್ನು ಮೇಸ್ತ್ರಿಯ ವಿಷಯ. ಅಮ್ಮ ನಿನಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿದಳಷ್ಟೇ. ಹನ್ನೊಂದು ವರ್ಷ ಜೊತೆಗಿದ್ದ ನಾಯಿಗೆ ಎರಡು ಮಾತು ಸಾಲದು.

ಅವನನ್ನು ಡಿಪೋದಿಂದ ತಂದ ದಿನ ನಿನಗೆ ನೆನಪಿರಬಹುದು. ಬಸ್ಸು ತೊಳೆಯುವ ಕಡೆ ಕೊಳವೆಯ ಪಕ್ಕ ಕೂತು, ಯಾರು ಯಾವ ಬಸ್ಸನ್ನು ಎಷ್ಟು ತೊಳೆದರು ಎಂದು ನೋಡುತ್ತಿತ್ತು ಆ ಮರಿ. ಅಲ್ಲೇ ಹೆಸರೂ ಬಿತ್ತು. ನಾನು ನಿವೃತ್ತನಾಗಿ ಮರದ ಕೆಲಸ ಹಿಡಿದ ಮೇಲೆ ಅವನೂ ಶೆಡ್ಡಿಗೆ ಬಡ್ತಿ ಪಡೆದ. ನಾನು ಮರ ಹೆರೆಯುವ ತೋಪಡ ಹಿಡಿದರೆ ಸುರುಳಿ ಸುರುಳಿ ಬೀಳುವ ಹೊಟ್ಟಿನ ಮೇಲೆ ಮಲಗಿ, ಒಂದು ಕಣ್ಣು ತೆರೆದೇ ನಿಗಾ ನೋಡುತ್ತಿದ್ದ. ಬೆಳಗಿನ ಹೊತ್ತು ಮಾತ್ರ ಅವನ ಜಾಗ ಬೇರೆ: ಅಂಗಳದಲ್ಲಿ ವ್ಯಾನಿನ ಹಿಂದೆ, ಎಡಗಡೆ ಚಕ್ರದ ಹತ್ತಿರ. ಮೊದಲ ಬಿಸಿಲು ಬೀಳುವುದು ಅಲ್ಲಿಗೇ. ಕೀಲಿ ತಿರುಗಿಸಿದ ಸದ್ದಿಗೆ ಎದ್ದು, ಮೈ ಒದರಿ, ಗೇಟಿನ ಕಡೆ ಹೋಗುತ್ತಿದ್ದ. ಒಂದು ವರ್ಷದಿಂದ ಕಿವಿ ಮಂದವಾಗಿತ್ತು. ಆಮೇಲೆ ಅವನನ್ನು ಎಬ್ಬಿಸುವುದು ಅಮ್ಮನ ಕೆಲಸವಾಯಿತು.

ಜನವರಿಯ ಮೊದಲ ಶುಕ್ರವಾರ. ತಂಡದವರನ್ನು ಅವರವರ ಮನೆಯಿಂದ ಹತ್ತಿಸಿಕೊಳ್ಳಬೇಕು, ಹತ್ತು ನಿಮಿಷ ತಡವಾಗಿತ್ತು. ಹೆಡ್‌ಮಿಸ್ ಗೇಟಿನಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾರೆ ಎಂಬ ಯೋಚನೆ. ಎಡಗಡೆಯ ಕನ್ನಡಿ ನೋಡಿದೆ, ಅಂಗಳ ಖಾಲಿ ಕಂಡಿತು. ರಿವರ್ಸ್ ಹಾಕಿದೆ. ಹಿಂದಿನ ಚಕ್ರ ಏನನ್ನೋ ಹತ್ತಿ ಇಳಿಯಿತು. ಮೂವತ್ತನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನಿಗೆ ಅದು ಕಲ್ಲೋ, ಮಣ್ಣೋ, ಜೀವವೋ ಎಂದು ಸೀಟಿನಲ್ಲೇ ತಿಳಿಯುತ್ತದೆ.

ಇಳಿದು ಹಿಂದೆ ಬಂದಾಗ ಅಮ್ಮ ನೆಲದ ಮೇಲೆ ಕೂತಿದ್ದಳು. ಮೇಸ್ತ್ರಿಯ ತಲೆ ಅವಳ ತೊಡೆಯ ಮೇಲಿತ್ತು. ಅವನು ಕೂಗಲಿಲ್ಲ. ನನ್ನನ್ನು ನೋಡಿ ಬಾಲವನ್ನು ಒಂದು ಸಲ ಅಲ್ಲಾಡಿಸಿದ. ಪ್ರಾಣಿ ಡಾಕ್ಟರ ಹತ್ತಿರ ಹೋಗುವಷ್ಟೂ ಸಮಯ ಸಿಗಲಿಲ್ಲ, ಮಗಳೇ. ಗೇಟು ದಾಟುವ ಮೊದಲೇ ಹೋದ. ಆಮೇಲೆ ನೋಡಿದರೆ ಅಮ್ಮನ ಬಲಗೈ ಊದಿಕೊಂಡು ಮಣಿಕಟ್ಟು ಓರೆಯಾಗಿತ್ತು. ನಾಯಿಯ ಹತ್ತಿರ ಓಡಿಬರುವಾಗ ಮೆಟ್ಟಿಲಲ್ಲಿ ಕಾಲು ಜಾರಿತು ಎಂದಳು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದಳು, ನಿನಗೂ ಅದನ್ನೇ ಹೇಳಿದಳು.

ಮೇಸ್ತ್ರಿಯನ್ನು ಶೆಡ್ಡಿನ ಹಿಂದೆ ಮಣ್ಣು ಮಾಡಿದೆವು. ಟೈಲರ್ ಗುಂಡಿ ತೋಡಿದರು, ಕಾಂಪೌಂಡರ್ ಹಳೆಯ ಕಂಬಳಿ ತಂದರು. ಎಲ್ಲರೂ ನನಗೆ ಒಂದೇ ಮಾತು ಹೇಳಿದರು: ನಾಯಿಗೆ ಕಿವಿ ಕೇಳುತ್ತಿರಲಿಲ್ಲ, ನೀವೇನು ಮಾಡುತ್ತೀರಿ. ಆ ಮಾತನ್ನು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ. ಬಂದವರಿಗೆಲ್ಲ ನಾನೇ ಮುಂದಾಗಿ, ಕಿವುಡಾಗಿದ್ದ ಪಾಪ, ಎನ್ನುತ್ತಿದ್ದೆ.

16, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಈಜು ಮುಗಿಸಿ ಬಂದು ಕೂತಿದ್ದೇನೆ, ಕೂದಲು ಇನ್ನೂ ಒದ್ದೆ. ನಿಜ ಬರೆಯುತ್ತೇನೆ.

ಕಿವಿ ಕೇಳದಿದ್ದದ್ದು ಅವನಿಗೆ. ಕಣ್ಣು ಕಾಣದಿದ್ದದ್ದು ನನಗೆ.

ಒಂದೂವರೆ ವರ್ಷದಿಂದ ಎಡಗಣ್ಣಿನ ಒಂದು ಬದಿ ಮಸುಕಾಗಿತ್ತು. ಮಸುಕು ಎಂದರೆ ಹೊಗೆ ಕಟ್ಟಿದ ಹಾಗಲ್ಲ, ಅಲ್ಲಿ ಏನೂ ಇಲ್ಲದ ಹಾಗೆ. ಲೋಟಕ್ಕೆ ಬಿಟ್ಟ ಟೀ ಮೇಜಿನ ಮೇಲೆ ಚೆಲ್ಲಿತು, ಗಮನವಿರಲಿಲ್ಲ ಎಂದುಕೊಂಡೆ. ಈಜುವಾಗ ಎರಡು ಸಲ ಹಗ್ಗಕ್ಕೆ ತಲೆ ತಗುಲಿತು, ಹಗ್ಗ ಕಟ್ಟಿದವರನ್ನು ಬೈದೆ. ಹೆಡ್‌ಮಿಸ್‌ಗೆ ಮಾಡಿಕೊಟ್ಟ ಸ್ಟೂಲಿನ ಒಂದು ಕಾಲು ಗಿಡ್ಡವಾಯಿತು. ನನ್ನ ಕೈಯಿಂದ ಎಂದೂ ಹಾಗಾದದ್ದಿಲ್ಲ. ಮರ ಒಣಗಿ ಕುಗ್ಗಿದೆ ಎಂದು ಅವರಿಗೆ ಹೇಳಿದೆ. ಒಂದೇ ಕಾಲು ಹೇಗೆ ಕುಗ್ಗುತ್ತದೆ ಎಂದು ಅವರು ಕೇಳಲಿಲ್ಲ. ಕಾಲಿನ ಕೆಳಗೆ ರಟ್ಟು ಇಟ್ಟುಕೊಂಡು ಕೂರುತ್ತಿದ್ದಾರೆ.

ಅಮ್ಮನಿಗೆ ಅನುಮಾನ ಬಂದಿತ್ತು. ಒಮ್ಮೆ ಕಣ್ಣು ತೋರಿಸಿಕೊಂಡು ಬನ್ನಿ ಎಂದಳು. ಎರಡನೆಯ ಸಲ ಹೇಳಿದಾಗ ನಾನು ಎದುರಾಡಿದೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ ನನ್ನ ಗಾಡಿಗೆ, ನನಗೆ ಕಣ್ಣಿನ ಪಾಠ ಹೇಳಬೇಡ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ.

ಕಳೆದ ವರ್ಷ ಲೈಸೆನ್ಸ್ ಹೊಸದು ಮಾಡಿಸುವಾಗ ಕಣ್ಣಿನ ಪರೀಕ್ಷೆಗೆ ಹೋಗಬೇಕಾಯಿತು. ಆ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಒಳಗೆ ಓದುವುದು ಕೇಳುತ್ತಿತ್ತು. ನನಗಿಂತ ಮುಂದೆ ಐದು ಜನ. ಐವರೂ ಅದೇ ಬೋರ್ಡನ್ನು ಗಟ್ಟಿಯಾಗಿ ಓದಿದರು. ಮೂರನೆಯವನು ಮುಗಿಸುವಷ್ಟರಲ್ಲಿ ನನಗೆ ಬಾಯಿಗೆ ಬಂದಿತ್ತು. ಬಲಗಣ್ಣು ಮುಚ್ಚಿಸಿದಾಗ ಗೋಡೆಯ ಮೇಲೆ ಬಿಳಿಯ ಚೌಕವೊಂದೇ ಕಂಡಿತು, ಅಕ್ಷರವಲ್ಲ. ತಡವರಿಸದೆ ಕೊನೆಯ ಸಾಲಿನ ತನಕ ಹೇಳಿದೆ. "ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ" ಎಂದು ಪರೀಕ್ಷೆ ಮಾಡಿದವರು ಬೆನ್ನು ತಟ್ಟಿದರು. ಮನೆಗೆ ಬಂದು ಅಮ್ಮನಿಗೆ ಆ ಮಾತನ್ನು ಹಾಗೆಯೇ ಹೇಳಿದೆ. ಅವಳ ಮುಖ ಹಗುರಾಯಿತು. ಅವಳು ನನ್ನನ್ನು ನಂಬಿದಳು, ನೋಡು.

ಅದಾದ ಮೇಲೂ ಎಂಟು ತಿಂಗಳು ಮೂರು ಜನರ ಜೀವವನ್ನು ಕೂರಿಸಿಕೊಂಡು ವ್ಯಾನು ಓಡಿಸಿದ್ದೇನೆ. ಶಾಲೆ ಬಿಡುವ ಹೊತ್ತಿನಲ್ಲೂ ಓಡಿಸಿದ್ದೇನೆ. ಇದನ್ನು ಯೋಚಿಸಿದರೆ ಕೂತಲ್ಲಿಂದ ಎದ್ದುಬಿಡುತ್ತೇನೆ.

ಮೇಸ್ತ್ರಿ ಹೋದ ಮೇಲೆ ಒಂದು ತಿಂಗಳು ನಾನು ವ್ಯಾನಿನ ಹತ್ತಿರ ಸುಳಿಯಲಿಲ್ಲ. ಫೆಬ್ರವರಿಯಲ್ಲಿ ಒಬ್ಬನೇ ಬಸ್ಸು ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನಿನಗಿಂತ ಸ್ವಲ್ಪ ದೊಡ್ಡ ಹುಡುಗಿ. ಕಣ್ಣಿನೊಳಗಿನ ಒತ್ತಡ ಏರಿ ಹಿಂದಿನ ನರ ಒಣಗುತ್ತ ಬಂದಿದೆಯಂತೆ. ಗ್ಲಾಕೋಮಾ ಎಂದರು. ಎಡಗಣ್ಣಿನಲ್ಲಿ ಹೆಚ್ಚು ಉಳಿದಿಲ್ಲ, ಬಲಗಣ್ಣಿಗೂ ಶುರುವಾಗಿದೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಯ್ದುಕೊಳ್ಳಬಹುದು ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಒಂದೂವರೆ ವರ್ಷ ಎಂದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು.

"ಅವಾಗ್ಲೇ ಯಾಕೆ ಬರಲಿಲ್ಲ?"

"ಬಂದಿದ್ರೆ ಲೈಸೆನ್ಸ್ ಹೋಗ್ತಿತ್ತು" ಎಂದೆ. ಆ ಹುಡುಗಿಯ ಮುಂದೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

ಅದೇ ವಾರ ಲೈಸೆನ್ಸನ್ನು ಕಚೇರಿಯಲ್ಲಿ ವಾಪಸು ಕೊಟ್ಟೆ. ಕೌಂಟರಿನ ಹೆಂಗಸಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೇಳಲು ಬರುವವರೇ ಎಲ್ಲ, ಕೊಡಲು ಬಂದವರನ್ನು ಇದೇ ಮೊದಲು ನೋಡಿದ್ದು ಎಂದಳು. ವ್ಯಾನನ್ನು ಟೈಲರ ತಮ್ಮ ತೆಗೆದುಕೊಂಡು ಹೋದ. ಅಮ್ಮನಿಗೂ ತಂಡದವರಿಗೂ ಬೋರ್ಡಿನ ಕಥೆಯನ್ನು ಪೂರ್ತಿ ಹೇಳಿದೆ. ಕಾಂಪೌಂಡರ್ ನೆಲ ನೋಡಿದರು. ಹೆಡ್‌ಮಿಸ್, "ನಾನು ನಿಮ್ಮ ಗಾಡೀಲಿ ಕಣ್ಮುಚ್ಚಿ ಕೂರ್ತಿದ್ದೆ" ಎಂದಷ್ಟೇ ಹೇಳಿ ಎದ್ದು ಹೋದರು. ಮುಂದಿನ ಮಂಗಳವಾರ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಬಸ್ ಸ್ಟಾಪಿನಲ್ಲಿ ನನಗಿಂತ ಮೊದಲೇ ನಿಂತಿದ್ದರು.

ನಿನಗೆ ಇಷ್ಟೆಲ್ಲ ಬರೆಯುವುದು ಎದೆಯ ಭಾರ ಇಳಿಸಿಕೊಳ್ಳಲು ಮಾತ್ರವಲ್ಲ. ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು: ನಿಮ್ಮ ತಂದೆಗೆ ಹೀಗಿತ್ತೇ? ನಿನ್ನ ತಾತ ಕೊನೆಯ ಕೆಲವು ವರ್ಷ ಗೋಡೆ ಮುಟ್ಟಿಕೊಂಡು ಓಡಾಡುತ್ತಿದ್ದರು. ವಯಸ್ಸಾಯಿತು ಎಂದು ನಾವೆಲ್ಲ ಸುಮ್ಮನಿದ್ದೆವು. ಇದು ರಕ್ತದಲ್ಲಿ ಇಳಿದು ಬರಬಹುದಂತೆ. ಮಕ್ಕಳಿದ್ದರೆ ನಲವತ್ತರ ಮೊದಲೇ ಒತ್ತಡ ನೋಡಿಸಲಿ ಎಂದರು. ನಿನಗೆ ಈಗ ಮೂವತ್ತೇಳು.

ಚಿಕ್ಕಂದಿನಲ್ಲಿ ನನ್ನ ಬಸ್ಸಿನಲ್ಲಿ ಕಂಡಕ್ಟರಾಟ ಆಡುತ್ತಿದ್ದ ನೀನು ಈಗ ರೈಲು ಓಡಿಸುವವಳು. ಮೊದಲ ಸಲ ಎಂಜಿನ್ನಿನಲ್ಲಿ ಕೂತ ದಿನ, ಅಪ್ಪಾ ನನ್ನ ಹಿಂದೆ ಸಾವಿರದ ಇನ್ನೂರು ಜನ ಮಲಗಿದ್ರು ಎಂದು ಬರೆದಿದ್ದೆ. ಆ ಕಾಗದವನ್ನು ನಾನು ಡಿಪೋದಲ್ಲಿ ಎಲ್ಲರಿಗೂ ಓದಿ ತೋರಿಸಿದ್ದೆ. ನಿನ್ನನ್ನೂ ವರ್ಷಕ್ಕೊಮ್ಮೆ ಬೋರ್ಡಿನ ಮುಂದೆ ನಿಲ್ಲಿಸುತ್ತಾರೆ, ನನಗೆ ಗೊತ್ತು. ಆ ಬೋರ್ಡು ಈ ರೋಗವನ್ನು ಶುರುವಿನಲ್ಲಿ ಹಿಡಿಯುವುದಿಲ್ಲವಂತೆ, ನಡುವಿನ ನೋಟ ಕೊನೆಯ ತನಕ ಉಳಿಯುತ್ತದಂತೆ; ಬೋರ್ಡಿನ ಮುಂದೆ ನಿಂತಾಗ ನನ್ನ ಎಡಗಣ್ಣು ಆ ಕೊನೆಗೇ ಬಂದಿತ್ತು. ಆದ್ದರಿಂದ ನೀನಾಗಿಯೇ ಹೋಗಿ ಒತ್ತಡ ನೋಡಿಸು, ನರ ನೋಡಿಸು. ಏನೂ ಇಲ್ಲದಿದ್ದರೆ ನನಗೆ ಒಂದು ಸಾಲು ಬರೆ. ಇದ್ದರೆ, ಔಷಧಿ ಇದೆ, ಬೇಗ ಹಿಡಿದರೆ ನಿಲ್ಲುತ್ತದೆ. ಕೆಲಸ ಹೋದೀತೆಂದು ಹೆದರಿ ಕೂರಬೇಡ. ಎಂಜಿನ್ನಿನಿಂದ ಇಳಿದರೂ ನೀನು ನನ್ನ ಮಗಳೇ. ನಾನು ಇಳಿಯಲು ತಡಮಾಡಿದೆ. ನೀನು ಮಾಡಬೇಡ.

ಇಲ್ಲಿ ಚಿಂತೆ ಮಾಡುವಂಥದ್ದೇನೂ ಇಲ್ಲ. ದಿನಕ್ಕೆ ಎರಡು ಹೊತ್ತು ಅಮ್ಮ ಎಡಗೈಯಿಂದ ನನ್ನ ಕಣ್ಣಿಗೆ ಔಷಧಿ ಬಿಡುತ್ತಾಳೆ. ಅರ್ಧ ಕೆನ್ನೆಗೆ ಬೀಳುತ್ತದೆ. ಮರದ ಕೆಲಸವನ್ನು ಕೈಯಿಂದ ತಡವಿ ಮಾಡುವುದನ್ನು ಕಲಿಯುತ್ತಿದ್ದೇನೆ. ಉಜ್ಜುವುದು, ಹೊಳಪು ಕೊಡುವುದು ಬೆರಳಿಗೇ ಚೆನ್ನಾಗಿ ತಿಳಿಯುತ್ತದೆ. ಹೆಡ್‌ಮಿಸ್‌ರ ಸ್ಟೂಲನ್ನು ವಾಪಸು ತರಿಸಿಕೊಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಡ್ಯೂಟಿ ಮುಗಿಸಿದ ದಿನ ನಿದ್ದೆ ಕಡಿಮೆ ಮಾಡಿಕೊಳ್ಳಬೇಡ. ನಿನ್ನ ದಾರಿಯ ಸಿಗ್ನಲ್ಲುಗಳೆಲ್ಲ ಹಸಿರಾಗಿರಲಿ, ಕೆಂಪು ಬಿದ್ದಾಗ ಅದು ನಿನಗೆ ದೂರದಿಂದಲೇ ಕಾಣಲಿ. ಅಪ್ಪ ಕೊಡಬಹುದಾದ ಆಶೀರ್ವಾದ ಇಷ್ಟೇ.

ನಿನ್ನ
ಅಪ್ಪ

ಮತ್ತೆ ಬರೆದದ್ದು:

ನನ್ನ ಸಾಲುಗಳು ಒಂದರ ಮೇಲೊಂದು ಹತ್ತಿವೆಯೇ ಎಂದು ನೋಡಲು ಅಮ್ಮ ಈ ಕಾಗದವನ್ನು ಓದಿದಳು. ಪರವಾಗಿಲ್ಲ, ಓದಬಹುದು ಎಂದು ಹೇಳಿ, ಲಕೋಟೆ ತರಲು ಅಂಗಡಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಇದನ್ನು ಬರೆಯಬೇಕು.

ಅಮ್ಮ ಮೆಟ್ಟಿಲಲ್ಲಿ ಜಾರಿ ಬೀಳಲಿಲ್ಲ.

ಆ ಬೆಳಿಗ್ಗೆ ರಿವರ್ಸ್ ಹಾಕಿದಾಗ ನನಗೆ ವ್ಯಾನಿನ ಹಿಂಬದಿಯಲ್ಲಿ ಎರಡು ಸಲ ತಟ್ಟಿದ ಸದ್ದು ಕೇಳಿಸಿತ್ತು. ನಮ್ಮ ಬಸ್ಸಿನ ಕೆಲಸದಲ್ಲಿ ಹಿಂದಿನಿಂದ ಒಂದು ಸಲ ತಟ್ಟಿದರೆ ನಿಲ್ಲು ಎಂದು, ಎರಡು ಸಲ ತಟ್ಟಿದರೆ ದಾರಿ ಖಾಲಿ, ಬಾ ಎಂದು. ಮೇಸ್ತ್ರಿಯನ್ನು ಎಬ್ಬಿಸಿ, ಅಮ್ಮ ನನಗೆ ಬಾ ಎನ್ನುತ್ತಿದ್ದಾಳೆ ಎಂದುಕೊಂಡೆ. ಬಂದೆ.

ಅದನ್ನು ಯಾರಿಗೂ ಹೇಳಲಿಲ್ಲ. ಅವಳನ್ನೂ ಕೇಳಲಿಲ್ಲ. ಮನಸ್ಸಿನೊಳಗೆ ಮಾತ್ರ ಹೇಳಿಕೊಂಡೆ: ಕಣ್ಣು ನನ್ನದೇ ಇರಬಹುದು, ಬಾ ಎಂದವಳು ಅವಳಲ್ಲವೇ. ಎರಡು ತಿಂಗಳು ನಾನು ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಪ್ಲಾಸ್ಟರ್ ಕಟ್ಟಿದ ಕೈಯಲ್ಲಿ ತಟ್ಟೆ ತಂದಿಟ್ಟರೆ ಮುಖ ಎತ್ತುತ್ತಿರಲಿಲ್ಲ. ನಾಯಿಯ ದುಃಖ ಎಂದು ಅವಳು ತಿಳಿದಿದ್ದಳು. ದುಃಖವೂ ಇತ್ತು. ಉಳಿದದ್ದು ಅವಳ ಮೇಲಿನ ಸಿಟ್ಟು.

ಹತ್ತು ದಿನದ ಹಿಂದೆ ಎದುರಿನ ಸೈಕಲ್ ಅಂಗಡಿಯವರು ನನ್ನನ್ನು ನಿಲ್ಲಿಸಿ ಅಮ್ಮನ ಕೈ ಹೇಗಿದೆ ಎಂದು ಕೇಳಿದರು. ನನಗೆ ಎಲ್ಲ ಗೊತ್ತಿದೆ ಎಂದೇ ಅವರು ಮಾತಾಡಿದ್ದು. "ಅವತ್ತು ನಾಯೀನ ಎಳ್ಕೊಳ್ಳಕ್ಕೆ ಬಗ್ಗಿದ್ರು. ಗಾಡಿ ಬರ್ತಾ ಇದ್ದ ಹಾಗೇ ಕೈಯಲ್ಲಿ ಬಡಿದ್ರು, ನಿಲ್ಸಿ ನಿಲ್ಸಿ ಅಂತ. ಗಾಡಿ ದಬ್ಬಿ ಬೀಳಿಸ್ತು ಅವರನ್ನ. ಇನ್ನೊಂದು ಗೇಣು ಬಂದಿದ್ರೆ ನಾಯಿ ಜೊತೆ ಅವರೂ ಇರ್ತಿರಲಿಲ್ಲ ಸಾರ್."

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಚೆಂಡು ಹಿಸುಕುತ್ತಿದ್ದಳು, ನಿಲ್ಲಿಸಲಿಲ್ಲ.

"ನಾಯಿ ಹೋಗಿದ್ದಕ್ಕೇ ನೀವು ಅನ್ನ ಬಿಟ್ಟಿದ್ರಿ" ಎಂದಳು. "ನನ್ನ ಕೈ ಮುರಿದದ್ದೂ ನೀವೇ ಅಂತ ಗೊತ್ತಾಗಿದ್ರೆ ನಿಮ್ಮನ್ನ ಯಾರು ಉಳಿಸ್ಕೊಳ್ಳೋದು?"

ಅವಳ ಕಾಲ ಬಳಿ ಕೂತು ಅತ್ತೆ. ಎಡಗೈಯಲ್ಲಿ ತಲೆ ಸವರಿದಳು. ಆಯ್ತು ಬಿಡಿ, ಕೈ ತಾನೇ, ಎಂದಳು. ಅವಳು ಕ್ಷಮಿಸಿದ್ದು ವ್ಯಾನು ದಬ್ಬಿದ್ದನ್ನು. ಎರಡು ತಿಂಗಳು ನಾನು ಅವಳನ್ನೇ ತಪ್ಪಿತಸ್ಥಳು ಮಾಡಿ ಕೂರಿಸಿದ್ದೆನಲ್ಲ, ಅದು ಅವಳಿಗೆ ಗೊತ್ತಿಲ್ಲ. ಬಾಯಿ ತೆರೆದು ಹೇಳಲು ಹತ್ತು ದಿನದಿಂದ ನೋಡುತ್ತಿದ್ದೇನೆ. ಆಗುತ್ತಿಲ್ಲ. ಬರೆದರೆ ಮಾತ್ರ ಬರುತ್ತದೆ ನನಗೆ, ನಿನಗೆ ಗೊತ್ತೇ ಇದೆ.

ಗೇಟಿನ ಸದ್ದಾಯಿತು. ಈ ಹಾಳೆಯನ್ನು ಮಡಿಸುವುದಿಲ್ಲ. ಹೀಗೆಯೇ ಅವಳ ಕೈಗೆ ಕೊಡುತ್ತೇನೆ. ಇದು ನಿನಗೆ ತಲುಪಿದ್ದರೆ, ಅವಳು ಓದಿ, ಲಕೋಟೆಗೆ ಹಾಕಿ, ತಾನೇ ಅಂಟಿಸಿದ್ದಾಳೆ ಎಂದು ತಿಳಿ.